ಬಲಿಪೀಠದಿಂದ ಅಡಿಗೆಮನೆಗೆ: ನಮ್ಮ ಕುಟುಂಬಗಳಲ್ಲಿ ಪರಮಪ್ರಸಾದ



ಈ ತಿಂಗಳ ಪಾಠ ಪರಮಪ್ರಸಾದದ ಬಗ್ಗೆ. ಶುರು ಮಾಡುವ ಮೊದಲು ಸಂತ ಲೂಕನ ಶುಭಸಂದೇಶದ 24ನೇ ಅಧ್ಯಾಯದಲ್ಲಿರುವ ಎಮ್ಮಾವು ದಾರಿಯ ಪ್ರಸಂಗವನ್ನು (ವಚನ 13ರಿಂದ 35) ಗುಂಪಿನಲ್ಲಿ ಯಾರಾದರೂ ಒಬ್ಬರು ನಿಧಾನವಾಗಿ, ಗಟ್ಟಿಯಾಗಿ ಓದಲಿ. ಮನೆಯಲ್ಲಿ ಓದುವವರು ಮಕ್ಕಳ ಕೈಲಿ ಓದಿಸಬಹುದು.

ಓದಿದಿರಾ? ಆ ಇಬ್ಬರು ಶಿಷ್ಯರು ದಾರಿಯುದ್ದಕ್ಕೂ ಯೇಸುಸ್ವಾಮಿಯ ಜೊತೆಯಲ್ಲೇ ನಡೆದರು, ಆದರೆ ಗುರುತು ಹಿಡಿಯಲಿಲ್ಲ. ಸಂಜೆಯಾಯಿತೆಂದು ಆ ಅಪರಿಚಿತರನ್ನು ಒತ್ತಾಯಮಾಡಿ ತಮ್ಮ ಜೊತೆ ಉಳಿಸಿಕೊಂಡರು. ಊಟಕ್ಕೆ ಕುಳಿತಾಗ ಸ್ವಾಮಿ ರೊಟ್ಟಿಯನ್ನು ತೆಗೆದುಕೊಂಡರು, ಸ್ತುತಿಸಿದರು, ಮುರಿದರು, ಕೊಟ್ಟರು. ಅಷ್ಟು ದೂರ ನಡೆದಾಗ ತೆರೆಯದಿದ್ದ ಕಣ್ಣು ಈ ನಾಲ್ಕು ಕೆಲಸಗಳಲ್ಲಿ ತೆರೆಯಿತು.

ಪ್ರತಿಯೊಂದು ಬಲಿಪೂಜೆಯಲ್ಲೂ ನಾವು ಕಾಣುವುದು ಇದೇ ನಾಲ್ಕು ಕೆಲಸಗಳನ್ನು. ಆದರೆ ಒಂದು ಲೆಕ್ಕ ಹಾಕಿ ನೋಡೋಣ. ವಾರಕ್ಕೆ 168 ಗಂಟೆ. ಭಾನುವಾರದ ಪೂಜೆ ಸುಮಾರು ಒಂದು ಗಂಟೆ. ಮಿಕ್ಕ 167 ಗಂಟೆ ನಾವು ಇರುವುದು ಮನೆಯಲ್ಲಿ, ಹೊಲದಲ್ಲಿ, ಕೂಲಿಯಲ್ಲಿ, ಕಚೇರಿಯಲ್ಲಿ. ಆ ಒಂದು ಗಂಟೆಯಲ್ಲಿ ಸ್ವೀಕರಿಸಿದ ಸ್ವಾಮಿ ಈ 167 ಗಂಟೆಗಳಲ್ಲಿ ಎಲ್ಲಿರುತ್ತಾರೆ? ಇದೇ ಈ ಪಾಠದ ಪ್ರಶ್ನೆ.

1. ಧರ್ಮಸಭೆ ಏನು ಹೇಳುತ್ತದೆ?

ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತರ ಶರೀರ ಮತ್ತು ರಕ್ತವಾಗುತ್ತವೆ, ಅಲ್ಲಿ ಸ್ವಾಮಿ ನಿಜವಾಗಿ ಉಪಸ್ಥಿತರಿದ್ದಾರೆ ಎಂಬುದು ನಮ್ಮ ವಿಶ್ವಾಸ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯ ಬಗ್ಗೆ ಹೊರಡಿಸಿದ ದಾಖಲೆಯ 11ನೇ ಪರಿಚ್ಛೇದದಲ್ಲಿ ಪರಮಪ್ರಸಾದವನ್ನು ಕ್ರೈಸ್ತ ಜೀವನದ ಬುಗ್ಗೆ ಮತ್ತು ಶಿಖರ ಎಂದು ಕರೆಯಿತು. ಅದೇ ಪರಿಚ್ಛೇದದಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದೂ ಕರೆಯಿತು. ಎರಡು ಮಾತೂ ಹೀಗೆ ಹತ್ತಿರ ಹತ್ತಿರ ಇರುವುದನ್ನು ಗಮನಿಸಿ. ಬುಗ್ಗೆಯ ನೀರು ಮೊದಲು ಹರಿಯಬೇಕಾದದ್ದು ನಮ್ಮ ಮನೆಗೆ.

ಇಲ್ಲೊಂದು ಎಚ್ಚರಿಕೆ ಬೇಕು. ಮನೆಯ ಊಟ ಪರಮಪ್ರಸಾದ ಅಲ್ಲ. ಮನೆಯಲ್ಲಿ ಎಷ್ಟೇ ಭಕ್ತಿಯಿಂದ ಪ್ರಾರ್ಥಿಸಿದರೂ ಅದು ಬಲಿಪೂಜೆಗೆ ಬದಲಿ ಆಗುವುದಿಲ್ಲ. ಆದರೆ ಬಲಿಪೂಜೆಯ ಫಲ ಮನೆಯ ಊಟದಲ್ಲಿ ಕಾಣದೇ ಹೋದರೆ, ನಾವು ಸ್ವೀಕರಿಸಿದ್ದು ಏನನ್ನು ಎಂದು ಕೇಳಿಕೊಳ್ಳಬೇಕಾಗುತ್ತದೆ.

2. ಮೊದಲಿನ ಕ್ರೈಸ್ತರಿಂದ ಮೂರು ಪಾಠ

ಮೊದಲನೆಯದು ಕೊರಿಂಥದಿಂದ. ಅಲ್ಲಿ ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ತಮ್ಮ ಬುತ್ತಿ ತಾವೇ ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 11ನೇ ಅಧ್ಯಾಯದಲ್ಲಿ ಇದನ್ನು ಕಟುವಾಗಿ ಖಂಡಿಸುತ್ತಾರೆ. ಬಡವರನ್ನು ನಾಚಿಕೆಪಡಿಸುವ ಕಡೆ ನಡೆಯುವುದು ಪ್ರಭುವಿನ ಭೋಜನವೇ ಅಲ್ಲ ಎಂಬುದು ಅವರ ತೀರ್ಪು. ಯೋಗ್ಯವಾಗಿ ಸ್ವೀಕರಿಸುವುದು ಎಂದಾಗ ನಮಗೆ ಪಾಪನಿವೇದನೆ ನೆನಪಾಗುತ್ತದೆ, ಅದು ಸರಿಯೇ. ಆದರೆ ಪೌಲರು ಆ ಮಾತು ಹೇಳಿದ್ದು ಪಕ್ಕದಲ್ಲಿ ಹಸಿದವನನ್ನು ಕಂಡೂ ಕಾಣದಂತೆ ಇದ್ದವರಿಗೆ.

ಎರಡನೆಯದು ರೋಮಿನಿಂದ. ಸುಮಾರು ಕ್ರಿ.ಶ. 155ರಲ್ಲಿ ಸಂತ ಜಸ್ಟಿನ್ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಭಾನುವಾರದ ಆರಾಧನೆಯ ವರ್ಣನೆ ಇದೆ. ವಾಚನ, ಬೋಧನೆ, ಪ್ರಾರ್ಥನೆ, ಪರಮಪ್ರಸಾದ ಎಲ್ಲವೂ ನಮ್ಮ ಇಂದಿನ ಪೂಜೆಯ ಕ್ರಮದಂತೆಯೇ ಇವೆ. ಅದರ ಜೊತೆ ಇನ್ನೆರಡು ಸಂಗತಿಗಳನ್ನೂ ಅವರು ಹೇಳುತ್ತಾರೆ. ಬರಲಾಗದವರಿಗೆ ಪರಮಪ್ರಸಾದವನ್ನು ಅವರಿದ್ದಲ್ಲಿಗೇ ಕಳುಹಿಸುತ್ತಿದ್ದರು. ಅನುಕೂಲವಿದ್ದವರು ಮನಸ್ಸಿಗೆ ಬಂದಷ್ಟು ಕೊಟ್ಟ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು ಮತ್ತು ಪರಸ್ಥಳದವರಿಗೆ ನೆರವಾಗುತ್ತಿದ್ದರು. ಸಮಾಜಸೇವೆ ಎಂಬುದು ನಮ್ಮ ಕಾಲದವರು ಹೊಸದಾಗಿ ಸೇರಿಸಿದ ಕೆಲಸವಲ್ಲ. ಅದು ಪೂಜೆಯ ಜೊತೆಯಲ್ಲೇ ಹುಟ್ಟಿದ್ದು.

ಮೂರನೆಯದು ಅಂತಿಯೋಕ್ಯದಿಂದ. 4ನೇ ಶತಮಾನದ ಕೊನೆಗೆ ಸಂತ ಜಾನ್ ಕ್ರಿಸೊಸ್ಟೊಮ್ ತಮ್ಮ ಪ್ರಬೋಧನೆಯಲ್ಲಿ ಜನರನ್ನು ನೇರವಾಗಿ ಕೇಳಿದರು: ದೇವಾಲಯದೊಳಗೆ ಕ್ರಿಸ್ತರಿಗೆ ರೇಷ್ಮೆ ಹೊದಿಸಿ, ಹೊರಗೆ ಅವರೇ ಚಳಿಯಲ್ಲಿ ನಡುಗುತ್ತಿದ್ದರೆ ಬಿಟ್ಟು ಹೋಗುವುದು ಯಾವ ಸೀಮೆಯ ಗೌರವ?

3. ನಾಲ್ಕು ಕೆಲಸ, ನಮ್ಮ ಮನೆಯಲ್ಲಿ

ತೆಗೆದುಕೊಳ್ಳುವುದು: ಕಾಣಿಕೆಯ ಸಮಯದಲ್ಲಿ ಬಲಿಪೀಠಕ್ಕೆ ಬರುವ ರೊಟ್ಟಿ ಭೂಮಿಯ ಬೆಳೆಯೂ ಹೌದು, ಮನುಷ್ಯರ ದುಡಿಮೆಯೂ ಹೌದು. ಹಾಗಿರುವಾಗ ನಮ್ಮ ಮನೆಗೆ ಬರುವ ಕೂಲಿ ಹಣವೂ ಕಾಣಿಕೆಯೇ ಅಲ್ಲವೇ? ಶನಿವಾರ ಸಿಕ್ಕ ಬಟವಾಡೆ ಮನೆ ತಲುಪುವ ಮೊದಲೇ ಸಾರಾಯಿ ಅಂಗಡಿಯಲ್ಲಿ ಅರ್ಧ ಕರಗಿದರೆ, ಭಾನುವಾರ ನಾವು ತೆಗೆದುಕೊಂಡು ಹೋಗುವುದು ಮಕ್ಕಳ ಬಾಯಿಂದ ಕಿತ್ತುಕೊಂಡಿದ್ದನ್ನು. ನಮ್ಮ ಹೊಲದಲ್ಲಿ, ಮನೆಯಲ್ಲಿ ದುಡಿದವರ ಕೂಲಿ ಬಾಕಿ ಇದ್ದರೆ ಅದೂ ಅಷ್ಟೇ. ಕಾಣಿಕೆ ಡಬ್ಬಿಗೆ ಹಾಕುವ ಮೊದಲು ಆ ಬಾಕಿ ತೀರಿಸೋಣ.

ಸ್ತುತಿಸುವುದು: ಗ್ರೀಕ್ ಭಾಷೆಯಲ್ಲಿ ಪರಮಪ್ರಸಾದಕ್ಕಿರುವ ಹೆಸರು ಯೂಕರಿಸ್ತಿಯಾ. ಅದರ ಅರ್ಥ ಕೃತಜ್ಞತೆ. ಕರಾವಳಿಯ ಕೊಂಕಣಿ ಕುಟುಂಬಗಳು ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಂದು ಆಚರಿಸುವ ಮೊಂತಿ ಹಬ್ಬದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ದೇವಾಲಯದಲ್ಲಿ ಹೊಸ ತೆನೆಗಳನ್ನು ಆಶೀರ್ವದಿಸಿ ಹಂಚುತ್ತಾರೆ. ಮನೆಗೆ ತಂದ ತೆನೆಯ ಅಕ್ಕಿಕಾಳನ್ನು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ನಂತರ ಮನೆಮಂದಿಯೆಲ್ಲ ಸೇವಿಸುತ್ತಾರೆ. ಆಮೇಲೆ ಒಟ್ಟಿಗೆ ಕೂತು ಸಸ್ಯಾಹಾರಿ ಊಟ. ಬಲಿಪೀಠದಿಂದ ಅಡಿಗೆಮನೆಗೆ ಇರುವ ದಾರಿ ಅಂದು ಎಷ್ಟು ಹತ್ತಿರ ನೋಡಿ! ಆ ದಾರಿ ವರ್ಷಕ್ಕೊಂದು ದಿನ ಮಾತ್ರ ತೆರೆದಿದ್ದರೆ ಸಾಲದು. ದಿನದ ಊಟಕ್ಕೆ ಮುಂಚೆ ಒಂದು ನಿಮಿಷ ಟಿ.ವಿ. ಆರಿಸಿ, ಮೊಬೈಲ್ ಪಕ್ಕಕ್ಕಿಟ್ಟು, ಅನ್ನ ಕೊಟ್ಟ ದೇವರಿಗೂ ಅದನ್ನು ಬೆಳೆದವರಿಗೂ ಬೇಯಿಸಿದವರಿಗೂ ಕೃತಜ್ಞತೆ ಹೇಳೋಣ. ಐದು ರೊಟ್ಟಿಯ ಅದ್ಭುತದಲ್ಲಿ ಸ್ವಾಮಿ ಉಳಿದ ಚೂರುಗಳನ್ನು ಹನ್ನೆರಡು ಬುಟ್ಟಿಗಳಲ್ಲಿ ತುಂಬಿಸಿಟ್ಟರು. ತಟ್ಟೆಯಲ್ಲಿ ಅನ್ನ ಬಿಡಬಾರದು ಎಂದು ಮಕ್ಕಳಿಗೆ ಹೇಳಿಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಮುರಿಯುವುದು: ಇದೇ ಕಷ್ಟದ ಕೆಲಸ. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲು ಗಂಡಸರ ಊಟ, ಆಮೇಲೆ ಮಕ್ಕಳದು, ಕೊನೆಗೆ ತಾಯಿಯದು. ಸಾರು ಉಳಿದಿದ್ದರೆ ಉಂಟು, ಇಲ್ಲವಾದರೆ ಉಪ್ಪಿನಕಾಯಿ. "ನಂಗೆ ಹಸಿವಿಲ್ಲಪ್ಪ, ನೀವು ತಿನ್ನಿ" ಎಂಬ ಅಮ್ಮನ ಮಾತನ್ನು ನಾವೆಲ್ಲ ಸಲೀಸಾಗಿ ನಂಬಿಬಿಡುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ಅದಕ್ಕೆ ಕಾರಣಗಳು ಹಲವು. ಆದರೆ ಕಡೆಯಲ್ಲಿ ಉಣ್ಣುವವರಿಗೆ ಸೊಪ್ಪು, ಕಾಳು, ಮೊಟ್ಟೆ, ಮಾಂಸ ಕಡಿಮೆ ಸಿಗುತ್ತದೆ ಎಂಬುದಕ್ಕೆ ಸಮೀಕ್ಷೆ ಬೇಕಿಲ್ಲ, ನಮ್ಮ ಅಡಿಗೆಮನೆಯ ಪಾತ್ರೆಯೇ ಹೇಳುತ್ತದೆ.

ಪರಮಪ್ರಸಾದ ಸ್ಥಾಪನೆಯ ಆ ರಾತ್ರಿಯ ಬಗ್ಗೆ ಬರೆಯುವಾಗ ಸಂತ ಯೊವಾನ್ನರು ರೊಟ್ಟಿಯ ಪ್ರಸಂಗವನ್ನು ಹೇಳುವುದೇ ಇಲ್ಲ. ಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಪಾದ ತೊಳೆದದ್ದನ್ನು ಹೇಳುತ್ತಾರೆ. ಪರಮಪ್ರಸಾದ ಸ್ವೀಕರಿಸಿದ ಗಂಡಸು ಮನೆಗೆ ಬಂದು ಹೆಂಡತಿಯ ತಟ್ಟೆಗೆ ತಾನೇ ಮೊದಲು ಬಡಿಸಿದರೆ ಅವನ ಮಾನ ಹೋಗುವುದಿಲ್ಲ. ಗುರುವೇ ತೋರಿಸಿದ ದಾರಿ ಅದು.

ಮುರಿಯಬೇಕಾದದ್ದು ರೊಟ್ಟಿಯನ್ನು ಮಾತ್ರವಲ್ಲ, ಹಟವನ್ನೂ. ಕಾಣಿಕೆ ಕೊಡುವಾಗ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ರಾಜಿಯಾಗಲು ಸ್ವಾಮಿ ಹೇಳಿದ್ದಾರೆ. ಪೂಜೆಯಲ್ಲಿ ಗುರುತಿಲ್ಲದವರಿಗೆ ಕೈಮುಗಿದು ಶಾಂತಿ ಹೇಳಿ, ಬೇಲಿ ಜಗಳದ ದೆಸೆಯಿಂದ ಒಡಹುಟ್ಟಿದ ಅಣ್ಣನ ಮುಖ ನೋಡದೆ ಹೊರಗೆ ಬರುತ್ತೇವೆ. ಸೊಸೆಯ ಜೊತೆ ಮಾತು ಬಿಟ್ಟು ತಿಂಗಳಾಗಿರುತ್ತದೆ. ಶಾಂತಿಯ ಮಾತು ಮೊದಲು ಹೇಳಬೇಕಾದದ್ದು ಅವರಿಗೆ.

ಕೊಡುವುದು: 1964ರಲ್ಲಿ ಬೊಂಬಾಯಿಯಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ನಡೆಯಿತು. ಅದಕ್ಕಾಗಿ ಬಂದ ಆರನೇ ಪೌಲರು ಭಾರತಕ್ಕೆ ಭೇಟಿ ಕೊಟ್ಟ ಮೊದಲ ಜಗದ್ಗುರುಗಳು. ಹೊರಡುವಾಗ ತಾವು ಬಳಸಿದ ಕಾರನ್ನು ಮದರ್ ತೆರೇಸಾರಿಗೆ ಕೊಟ್ಟರು. ಮದರ್ ಆ ಕಾರಿನಲ್ಲಿ ಓಡಾಡಲಿಲ್ಲ. ಅದನ್ನು ಲಾಟರಿಗೆ ಇಟ್ಟು ಬಂದ ಹಣವನ್ನು ಕುಷ್ಠರೋಗಿಗಳ ಸೇವೆಗೆ ಬಳಸಿದರು.

ನಮ್ಮ ಹತ್ತಿರ ಕಾರು ಎಲ್ಲಿದೆ ಎನ್ನಬಹುದು. ಹಿಡಿ ಅಕ್ಕಿ ಇದೆಯಲ್ಲ! 19ನೇ ಶತಮಾನದ ಕೇರಳದಲ್ಲಿ ಸಂತ ಕುರಿಯಾಕೋಸ್ ಎಲಿಯಾಸ್ ಚಾವರ (1805–1871) ಬಡ ಶಾಲಾಮಕ್ಕಳ ಮಧ್ಯಾಹ್ನದ ಊಟಕ್ಕಾಗಿ 'ಪಿಡಿಯರಿ' ಅಂದರೆ ಹಿಡಿ ಅಕ್ಕಿಯ ಪದ್ಧತಿ ತಂದರು. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವುದು, ಅಷ್ಟೇ. ಹಿಡಿಗೆ 40 ಗ್ರಾಂ ಎಂದಿಟ್ಟುಕೊಂಡರೆ ತಿಂಗಳಿಗೆ ಒಂದು ಮನೆಯಿಂದ 1 ಕೆ.ಜಿ. 200 ಗ್ರಾಂ. 25 ಮನೆಗಳ ಒಂದು ಕಿರು ಸಮುದಾಯದಿಂದ 30 ಕೆ.ಜಿ. ಒಂಟಿಯಾಗಿರುವ ಇಬ್ಬರು ಮೂವರು ವೃದ್ಧರ ತಿಂಗಳ ಅನ್ನ ಅದರಲ್ಲಿ ಆಗುತ್ತದೆ. ಅದು ಯಾವ ಧರ್ಮದವರ ಮನೆ ಎಂದು ಕೇಳುವ ಅಗತ್ಯವಿಲ್ಲ.

4. ಮೊದಲ ಪರಮಪ್ರಸಾದ ಮತ್ತು ಸಾಲ

1910ರಲ್ಲಿ ಜಗದ್ಗುರು ಸಂತ ಹತ್ತನೇ ಪಿಯುಸ್‌ರವರು, ಸುಮಾರು ಏಳು ವರ್ಷದ ಮಕ್ಕಳೂ ಪರಮಪ್ರಸಾದ ಸ್ವೀಕರಿಸಬಹುದೆಂದು ಬಾಗಿಲು ತೆರೆದರು. ಅವರು ಕೇಳಿದ್ದು ಇಷ್ಟೇ: ಇದು ಸಾಧಾರಣ ರೊಟ್ಟಿಯಲ್ಲ ಎಂದು ಮಗುವಿಗೆ ತನ್ನ ಮಟ್ಟಿಗೆ ತಿಳಿದಿರಬೇಕು, ಆಸೆ ಭಕ್ತಿ ಇರಬೇಕು. ಶಾಮಿಯಾನ, ಬಿರಿಯಾನಿ, ವೀಡಿಯೊ ಅವರ ಪಟ್ಟಿಯಲ್ಲಿರಲಿಲ್ಲ.

ಆದರೆ ಇಂದು "ಜನ ಏನಂತಾರೆ" ಎಂಬ ಅಂಜಿಕೆಗೆ ಬಡ್ಡಿ ಸಾಲ ತೆಗೆದು ಈ ಹಬ್ಬ ಮಾಡುವ ಮನೆಗಳಿವೆ. ಮಗು ಸ್ವಾಮಿಯನ್ನು ಸ್ವೀಕರಿಸಿದ ದಿನದಿಂದಲೇ ಮನೆಗೆ ಸಾಲಗಾರರ ಕಾಟ ಶುರುವಾದರೆ ಆ ಮಗುವಿನ ಮನಸ್ಸಿನಲ್ಲಿ ಉಳಿಯುವುದೇನು? ಸ್ವಸಹಾಯ ಸಂಘದ ಅಕ್ಕಂದಿರು ಇದನ್ನು ಸಭೆಯಲ್ಲಿ ಮಾತಾಡಿ. ಧರ್ಮಕೇಂದ್ರದ ಮಕ್ಕಳಿಗೆಲ್ಲ ಒಂದೇ ಬಗೆಯ ಸರಳ ಉಡುಪು, ಪೂಜೆ ಮುಗಿದ ಮೇಲೆ ಎಲ್ಲರಿಗೂ ಸೇರಿ ಒಂದೇ ಉಪಾಹಾರ ಎಂದು ಗುರುಗಳ ಜೊತೆ ಕುಳಿತು ತೀರ್ಮಾನಿಸಿದರೆ ಯಾರ ಮಾನವೂ ಹೋಗುವುದಿಲ್ಲ. ಉಳಿದ ಹಣ ಮಗುವಿನ ಶಾಲೆಗೆ ಆದೀತು.

5. ಈ ತಿಂಗಳು ಏನು ಮಾಡೋಣ?

• ಶನಿವಾರ ರಾತ್ರಿ ಮರುದಿನದ ಶುಭಸಂದೇಶವನ್ನು ಮನೆಯಲ್ಲಿ ಒಟ್ಟಿಗೆ ಓದೋಣ. ಯಾರ ಮೇಲಾದರೂ ಮುನಿಸಿದ್ದರೆ ಮಲಗುವ ಮೊದಲು ಮಾತಾಡಿಸೋಣ.

• ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಉಪವಾಸವಿರೋಣ. ನೀರು, ಔಷಧಿಗೆ ಅಡ್ಡಿಯಿಲ್ಲ. ವಯಸ್ಸಾದವರು, ಕಾಯಿಲೆಯವರು ಮತ್ತು ಅವರನ್ನು ನೋಡಿಕೊಳ್ಳುವವರಿಗೆ ಈ ನಿಯಮದಿಂದ ವಿನಾಯಿತಿ ಇದೆ. ಮಾತ್ರೆ, ತಿಂಡಿ ತೆಗೆದುಕೊಂಡೆನೆಂದು ಅವರು ಹಿಂಜರಿಯಬೇಕಿಲ್ಲ.

• ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಧರ್ಮಕೇಂದ್ರದ ಗುರುಗಳಿಗೆ ಕೂಡಲೇ ತಿಳಿಸೋಣ. ಪರಮಪ್ರಸಾದ ಅವರಿದ್ದಲ್ಲಿಗೆ ಬರುತ್ತದೆ. ಕಡೆಯ ಗಳಿಗೆಯವರೆಗೆ ಕಾಯುವುದು ಬೇಡ.

• ದಿನಕ್ಕೆ ಒಂದು ಊಟವಾದರೂ ತಾಯಿಯನ್ನೂ ಕೂರಿಸಿಕೊಂಡು ಎಲ್ಲರೂ ಒಟ್ಟಿಗೆ ಮಾಡೋಣ. ಮನೆಗೆಲಸಕ್ಕೆ ಬರುವವರಿಗೆ ಬೇರೆ ತಟ್ಟೆ, ಬೇರೆ ಲೋಟ ಇದ್ದರೆ ಇಂದೇ ನಿಲ್ಲಿಸೋಣ.

• ಅಡಿಗೆಮನೆಯಲ್ಲಿ ಹಿಡಿ ಅಕ್ಕಿಯ ಒಂದು ಮಡಕೆ ಇಡೋಣ. ಅದಕ್ಕೆ ಅಕ್ಕಿ ಹಾಕುವ ಕೆಲಸ ಮಕ್ಕಳದಾಗಲಿ.

ಗುಂಪಿನಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು? ಏಕೆ?

2. ನಮ್ಮ ಬೀದಿಯಲ್ಲಿ ಪೂಜೆಗೆ ಬರಲಾಗದ ಯಾರಿದ್ದಾರೆ? ಈ ವಾರ ಅವರನ್ನು ನೋಡಲು ಯಾರು ಹೋಗುತ್ತೀರಿ?

3. ಮೊದಲ ಪರಮಪ್ರಸಾದದ ಖರ್ಚಿಗೆ ನಮ್ಮ ಧರ್ಮಕೇಂದ್ರದಲ್ಲಿ ಯಾವ ಮಿತಿ ಹಾಕಿಕೊಳ್ಳಬಹುದು?

ಪ್ರಾರ್ಥಿಸೋಣ: ಸ್ವಾಮಿ ಯೇಸುವೇ, ನಮಗಾಗಿ ನಿಮ್ಮನ್ನೇ ಮುರಿದು ಕೊಟ್ಟಿರಿ. ನಮ್ಮ ಒಲೆಯ ಬಳಿ, ನಮ್ಮ ತಟ್ಟೆಯ ಮುಂದೆ, ನಮ್ಮ ಹೊಸ್ತಿಲಾಚೆ ಹಸಿದಿರುವವರಲ್ಲಿ ನಿಮ್ಮನ್ನು ಗುರುತಿಸುವ ಕಣ್ಣು ಕೊಡಿ. ಆಮೆನ್.