ತಾರಸಿ ಮುಟ್ಟಿಸುವ ಮುನ್ನ

ಮೈಸೂರಿನ ಚಾಮರಾಜಪುರಂನಲ್ಲಿ ಐವತ್ತರ ದಶಕದ ಮನೆಯಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಸುಣ್ಣದ ಗಾರೆ ಬಲ್ಲವರು ಸಿಗುವ ತನಕ ತಾರಸಿಯ ಮೇಲೆ ಯಾರ ಕೈಯಲ್ಲೂ ಹಾರೆ ಹಾಕಿಸಬೇಡಿ. ನಾವು ಪಟ್ಟ ಪಾಡು ನಿಮಗೆ ಬೇಡ.

ನಮ್ಮದು ಮಾವನವರು ಕಟ್ಟಿಸಿದ ಮನೆ. ಮುಂದೆ ದುಂಡಗೆ ತಿರುಗಿದ ವೆರಾಂಡಾ, ಅದಕ್ಕೆ ಸಿಮೆಂಟ್ ಜಾಲಿ. ಕಿಟಕಿಯ ಕಂಬಿಗಳಲ್ಲಿ ಹುಟ್ಟುವ ಸೂರ್ಯ. ಕಾಲಿಟ್ಟರೆ ತಣ್ಣಗಿರುವ ರೆಡ್ ಆಕ್ಸೈಡ್ ನೆಲ. ಸೂರಿನ ಕೆಳಗಿನ ವೆಂಟಿಲೇಟರಿನಿಂದ ಬಿಸಿಗಾಳಿ ಹೊರಗೆ ಹೋಗುವುದರಿಂದ ಏಪ್ರಿಲ್‌ ಮಧ್ಯಾಹ್ನವೂ ಫ್ಯಾನಿಲ್ಲದೆ ಮಲಗುತ್ತೇವೆ. ಇಂಥ ಮನೆ ನೋಡಿದಾಗ ಒಬ್ಬರು ನೆನಪಾಗುತ್ತಾರೆ. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದರು. ನೆರಳು, ಗಾಳಿಯಾಟ, ಆಡಂಬರವಿಲ್ಲದ ಗೋಡೆ ಅವರ ಕಟ್ಟಡಗಳ ಗುಣ. ಅವರ ನಂತರ ಬಂದ ನಮ್ಮ ಮಧ್ಯಮವರ್ಗದ ಮನೆಗಳಲ್ಲೂ ಅದೇ ಗುಣವಿದೆ.

ಬೆಂಗಳೂರಿನಲ್ಲಿರುವ ನನ್ನ ಮೈದುನನಿಗೆ ಸೈಟಿನ ಬೆಲೆಯಷ್ಟೇ ಕಂಡಿತು. 2012ರಲ್ಲಿ ಮೈಸೂರಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜನ ಸತ್ತದ್ದನ್ನು ಬಂದಾಗಲೆಲ್ಲ ಎತ್ತುತ್ತಿದ್ದ. “ಅತ್ತಿಗೆ, ನಾಳೆ ಇದೂ ತಲೆ ಮೇಲೆ ಬಿದ್ರೆ?” ಅಪಾರ್ಟ್‌ಮೆಂಟಿಗೆ ಕೊಡಲು ನಾವು ಒಪ್ಪದಿದ್ದಾಗ, ರಿಪೇರಿಗೆಂದು ತನ್ನ ಪರಿಚಯದ ಕಂಟ್ರಾಕ್ಟರನ್ನೇ ಕಳಿಸಿದ.

ನಡುಮನೆಯದು ಮದ್ರಾಸ್ ತಾರಸಿ. ತೇಗದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕಟ್ಟಿ, ಮೇಲೆ ಇಟ್ಟಿಗೆಚೂರಿನ ಗಾರೆ ಹಾಕಿ ಬಡಿದು ಕೂರಿಸಿರುತ್ತಾರೆ. ಒಂದು ಮೂಲೆಯ ತೇವಕ್ಕಾಗಿ ಆ ಮಹಾನುಭಾವ ಇಡೀ ಮೇಲ್ಪದರ ಒಡೆಸಿದ. ಟಾರ್ಪಾಲು ಕೂಡ ಹೊದಿಸದೆ ಸಂಜೆ ಆಳುಗಳನ್ನು ಕರೆದುಕೊಂಡು ಹೊರಟುಹೋದ. ಅದು ಮೇ ತಿಂಗಳು.

ರಾತ್ರಿ ಗುಡುಗಿ ಮಳೆ ಹಿಡಿಯಿತು. ತೊಲೆಯ ಸಂದಿನಿಂದ ಮೊದಲು ಹಾಲಿನಂಥ ಸುಣ್ಣದ ನೀರು ತೊಟ್ಟಿಕ್ಕಿತು. ಬಕೆಟ್, ಕೊಳಗ, ಇಡ್ಲಿ ಪಾತ್ರೆ, ಕೈಗೆ ಸಿಕ್ಕಿದ್ದನ್ನೆಲ್ಲ ಇಟ್ಟೆ. ಸ್ವಿಚ್‌ಬೋರ್ಡು ಚಟಚಟ ಎಂದಿತು. ಮೇನ್ ಆಫ್ ಮಾಡಿ ಟಾರ್ಚ್ ಹಿಡಿದೆವು. ಹಾಸಿಗೆ ಹಿಡಿದಿದ್ದ ಅತ್ತೆಯವರನ್ನು ಮಂಚದ ಸಮೇತ ವೆರಾಂಡಾಕ್ಕೆ ಎತ್ತಿ ತಂದೆವು. ನಾನು ದಿಂಬು ತರಲು ವಾಪಸು ಹೋಗುವಷ್ಟರಲ್ಲಿ, ಅವರ ತಲೆಯಿದ್ದ ಜಾಗದಲ್ಲಿ ಅಂಗೈಯಗಲದ ಗಾರೆ ಹೆಂಟೆ ಬಿದ್ದು ಪುಡಿಯಾಗಿತ್ತು. ನನ್ನ ಕೈಕಾಲು ನಡುಗಿಹೋಯಿತು. ಯಜಮಾನರು ಪಕ್ಕದ ಮನೆಯವರ ಟಾರ್ಪಾಲು ತಂದು, ಸುರಿಯುವ ಮಳೆಯಲ್ಲೇ ಮೇಲೆ ಹತ್ತಿ, ಹೊದಿಸಿ ಇಟ್ಟಿಗೆ ಹೇರಿದರು. ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಮೈದುನ ಎತ್ತಿದ. “ನಾನು ಹೇಳಿರ್ಲಿಲ್ವಾ ಅತ್ತಿಗೆ?” ಅಂದ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ನಂಜನಗೂಡು ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಬಂದರು. ತೊಲೆಗಳನ್ನು ಒಂದೊಂದಾಗಿ ತಟ್ಟಿ ನೋಡಿ, “ಮರ ಕಲ್ಲಿದ್ದಂಗಿದೆ ಕಣಮ್ಮಾ” ಎಂದರು. ತಾರಸಿಯ ನೀರು ಹೋಗುವ ಕೊಳವೆಯೊಳಗಿಂದ ಅರಳಿಗಿಡದ ಬೇರನ್ನು ಎಳೆದು ನನ್ನ ಕೈಗೇ ಕೊಟ್ಟರು. ತೇವದ ಮೂಲ ಅದೊಂದೇ! ಸುಣ್ಣ, ಇಟ್ಟಿಗೆಪುಡಿಯ ಸುರ್ಕಿ, ಅಳಲೆಕಾಯಿ-ಬೆಲ್ಲ ನೆನೆಸಿದ ನೀರು ಸೇರಿಸಿ ಗಾರೆ ಮಾಡಿಸಿ, ಬಡಿಸಿ ಕೂರಿಸಿದರು. ಈಗ ಒಂದು ಹನಿ ಸೋರುವುದಿಲ್ಲ.

ಹಾಗಾಗಿ ತಾರಸಿ ತೇವವಾದರೆ ಮೊದಲು ನೀರಿನ ದಾರಿ, ಅರಳಿ-ಆಲದ ಸಸಿ ನೋಡಿ. ಗಾರೆಯ ಮೇಲೆ ಸಿಮೆಂಟ್ ಬಳಿಸಬೇಡಿ, ಒಳಗಿನ ತೇವ ಹೊರಗೆ ಬರಲಾಗದೆ ಪದರ ಬಿಟ್ಟುಕೊಳ್ಳುತ್ತದೆ. ಒಡೆಯುವ ಕೆಲಸ ಜನವರಿ, ಫೆಬ್ರವರಿಯಲ್ಲಿ ಮುಗಿಯಲಿ. ಟಾರ್ಪಾಲು ಬರುವ ತನಕ ಮುಂಗಡ ಕೊಡಬೇಡಿ. ಕೆಂಪು ನೆಲಕ್ಕೆ ಆಸಿಡ್ ಸೋಕಿಸಬೇಡಿ.

ಯಾದವಗಿರಿಯ ಆರ್. ಕೆ. ನಾರಾಯಣ್ ಅವರ ಮನೆಯನ್ನೂ 2011ರಲ್ಲಿ ಕೆಡವಲು ಶುರುಮಾಡಿದ್ದರು. ಜನ ದನಿಯೆತ್ತಿದ್ದಕ್ಕೆ ಉಳಿಯಿತು, 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ನಮ್ಮ ನಿಮ್ಮ ಮನೆಗಳಿಗಾಗಿ ಊರು ಸೇರುವುದಿಲ್ಲ. ಒಳಗೆ ಬಾಳುವವರೇ ಹಟ ಹಿಡಿಯಬೇಕು. ಅಪಾರ್ಟ್‌ಮೆಂಟಿಗೆ ಕೊಡುವ ಕಾಗದವನ್ನು ಮೈದುನ ಮತ್ತೆ ಕಳಿಸಿದ್ದಾನೆ. ನಾವು ಸಹಿ ಹಾಕುವುದಿಲ್ಲ.