ಟೆಸ್ ಆಫ್ ದಿ ಡರ್ಬರ್‌ವಿಲ್ಸ್: ಪರೀಕ್ಷಾ ಟಿಪ್ಪಣಿ

ಥಾಮಸ್ ಹಾರ್ಡಿಯ (1840–1928) ಈ ದುರಂತ ಕಾದಂಬರಿಯು 1891ರಲ್ಲಿ ‘ದಿ ಗ್ರಾಫಿಕ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಅದೇ ವರ್ಷ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಇದರ ನೆಲೆ ವೆಸೆಕ್ಸ್. ಅಂದರೆ ಡಾರ್ಸೆಟ್ ಹಾಗೂ ಅದರ ಸುತ್ತಲಿನ ಸೀಮೆಗೆ ಹಾರ್ಡಿ ಕೊಟ್ಟ ಸಾಹಿತ್ಯಕ ಹೆಸರು.

ಬಡ ಹಳ್ಳಿಗನ ಹಿರಿಮಗಳಾದ ಟೆಸ್, ಸಿರಿವಂತ ಅಲೆಕ್‌ನ ದೌರ್ಜನ್ಯಕ್ಕೆ ಒಳಗಾಗಿ, ಹುಟ್ಟಿದ ಮಗುವನ್ನೂ ಕಳೆದುಕೊಂಡು, ಹಾಲಿನ ಕೇಂದ್ರವೊಂದರಲ್ಲಿ ದುಡಿಯುತ್ತಿರುವಾಗ ಏಂಜೆಲ್ ಕ್ಲೇರ್‌ನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಆದರೆ ಮದುವೆಯ ರಾತ್ರಿ ಅವಳು ತನ್ನ ಹಿಂದಿನ ಬದುಕನ್ನು ಹೇಳಿಕೊಂಡಾಗ, ತನ್ನದೇ ಹಳೆಯ ಸಂಬಂಧವನ್ನು ಆಗಷ್ಟೇ ಒಪ್ಪಿಕೊಂಡು ಕ್ಷಮೆ ಪಡೆದಿದ್ದ ಗಂಡನೇ ಅವಳನ್ನು ತೊರೆಯುತ್ತಾನೆ. ಗಂಡಿಗೊಂದು, ಹೆಣ್ಣಿಗೊಂದು ಎಂಬ ಈ ಇಬ್ಬಗೆಯ ನೀತಿಯೇ ಕೃತಿಯ ತಿರುಳು. ಕೊನೆಗೆ ಅಲೆಕ್‌ನನ್ನು ಕೊಂದ ಟೆಸ್, ಸ್ಟೋನ್‌ಹೆಂಜ್ ಎಂಬ ಪ್ರಾಗೈತಿಹಾಸಿಕ ಶಿಲಾವೃತ್ತದಲ್ಲಿ ಸೆರೆಸಿಕ್ಕು ಗಲ್ಲಿಗೇರುತ್ತಾಳೆ. ಅಂಥವಳನ್ನು ಉಪಶೀರ್ಷಿಕೆಯಲ್ಲಿ ಪರಿಶುದ್ಧ ಹೆಣ್ಣೆಂದು ಕರೆದದ್ದು ಹಾರ್ಡಿಯ ದೊಡ್ಡ ಧೈರ್ಯ. ವಿಕ್ಟೋರಿಯನ್ ವಿಮರ್ಶಕರಲ್ಲಿ ಹಲವರು ಅದನ್ನು ಸಹಿಸಲಿಲ್ಲ.

‘ಜೂಡ್ ದಿ ಅಬ್ಸ್ಕ್ಯೂರ್’ (1895) ಕೃತಿಗೂ ತೀವ್ರ ವಿರೋಧ ಬಂದ ಬಳಿಕ ಹಾರ್ಡಿ ಕಾದಂಬರಿ ರಚನೆಯನ್ನು ಬಿಟ್ಟು ಕಾವ್ಯದತ್ತ ಹೊರಳಿದನು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಇಬ್ಬರು ವಿದ್ವಾಂಸರು ಈ ಎರಡೂ ಮುಖಗಳನ್ನು ಅಭ್ಯಸಿಸಿದ್ದಾರೆ: ಆಲ್ಬರ್ಟ್ ಗೆರಾರ್ಡ್ ಅಲ್ಲಿಗೆ ಬರುವ ಮೊದಲೇ, 1949ರಲ್ಲಿ, ಹಾರ್ಡಿಯ ಕಥನಸಾಹಿತ್ಯವನ್ನು ಕುರಿತು ಗ್ರಂಥ ಪ್ರಕಟಿಸಿದ್ದರೆ, ಡೊನಾಲ್ಡ್ ಡೇವಿ 1972ರಲ್ಲಿ ಬ್ರಿಟಿಷ್ ಕಾವ್ಯದ ಮೇಲೆ ಹಾರ್ಡಿಯ ಪ್ರಭಾವವನ್ನು ವಿವೇಚಿಸಿದರು.