ತರ-ತಮದ ಪಾಠ

ಇಂಗ್ಲಿಷ್ ಕಲಿಯುವ ನಮ್ಮ ಬಾಲಿಕೆಯರನ್ನು ತೊಡಕಿಗೆ ಗುರಿಮಾಡುವ ಪಾಠಗಳಲ್ಲಿ ಗುಣವಾಚಕಗಳ ತಮಭಾವವೂ ಒಂದು. ಇದಕ್ಕೆ ಕಾರಣವು ಬುದ್ಧಿಯ ಕೊರತೆಯಲ್ಲ. ಎರಡು ಭಾಷೆಗಳ ನಡೆಯೇ ಬೇರೆ. ಕನ್ನಡದ ‘ಉದ್ದ’ ಎಂಬ ಪದವು ‘ಅದಕ್ಕಿಂತ ಉದ್ದ’, ‘ಎಲ್ಲಕ್ಕಿಂತ ಉದ್ದ’ ಎಂಬಲ್ಲಿಯೂ ತನ್ನ ರೂಪವನ್ನು ಬಿಡದು. ಇಂಗ್ಲಿಷಿನಲ್ಲಾದರೋ ಪದವೇ ಮಾರ್ಪಡುವುದು: ಲಾಂಗ್, ಲಾಂಗರ್, ಲಾಂಗೆಸ್ಟ್. ‘ಬ್ಯೂಟಿಫುಲ್’ ಮೊದಲಾದ ದೀರ್ಘಪದಗಳ ಹಿಂದೆ ‘ಮೋರ್’, ‘ಮೋಸ್ಟ್’ ಸೇರುವುವು. ಎರಡು ಕ್ರಮಗಳನ್ನೂ ಬೆರೆಸಿ ‘ಮೋಸ್ಟ್ ಲಾಂಗೆಸ್ಟ್’ ಎನ್ನಕೂಡದು. ಗುಡ್, ಬೆಟರ್, ಬೆಸ್ಟ್. ಬ್ಯಾಡ್, ವರ್ಸ್, ವರ್ಸ್ಟ್ ಎಂಬಂಥವನ್ನು ಬಾಯಿಪಾಠ ಮಾಡತಕ್ಕದ್ದು.

ರೂಪವನ್ನರಿತರೆ ಸಾಲದು, ಪ್ರಯೋಗವನ್ನೂ ಅರಿಯಬೇಕು. ನಮ್ಮ ಅಫಜಲಪುರ ಸೀಮೆಯ ಭೀಮಾನದಿಯನ್ನೇ ನೋಡೋಣ. ಗಾಣಗಾಪುರದಲ್ಲಿ ಅಮರ್ಜಾ ನದಿಯು ಭೀಮೆಯನ್ನು ಕೂಡುತ್ತದೆ. ಹೋಲಿಕೆಯು ಇವೆರಡಕ್ಕೆ ಮಾತ್ರವಾದಲ್ಲಿ ಭೀಮೆಯು ‘ದ ಲಾಂಗರ್’. ಕೃಷ್ಣೆಯ ಉಪನದಿಗಳನ್ನೆಲ್ಲ ಎಣಿಸಿದಾಗ, ಸುಮಾರು 860 ಕಿಲೋಮೀಟರು ಹರಿಯುವ ಭೀಮೆಯೇ ‘ದ ಲಾಂಗೆಸ್ಟ್’. ಆದರೆ ‘ದ ಲಾರ್ಜೆಸ್ಟ್’ ಎನ್ನಬಹುದೇ? ಮಳೆನೀರು ಹರಿದು ಬರುವ ನೆಲದ ವಿಸ್ತಾರವನ್ನಳೆದರೆ ಆ ಹಿರಿಮೆಯು ತುಂಗಭದ್ರೆಯದು. ಆದಕಾರಣ ತಮಭಾವವನ್ನು ನುಡಿಯುವವಳು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಯಾರ ನಡುವೆ? ಯಾವ ಅಳತೆಯಲ್ಲಿ?

ಖಚಿತವಿಲ್ಲದಲ್ಲಿ ‘ಒನ್ ಆಫ್ ದ’ ಎಂಬ ವಿನಯದ ಮಾತುಂಟು. ವಿಜಯಪುರದ ಗೋಳಗುಮ್ಮಟವನ್ನು ಜಗತ್ತಿನ ‘ಒನ್ ಆಫ್ ದ ಲಾರ್ಜೆಸ್ಟ್ ಡೋಮ್ಸ್’ ಎನ್ನುವುದು ಸರಿ. ಇಲ್ಲಿ ‘ಡೋಮ್ಸ್’ ಎಂಬ ಬಹುವಚನವನ್ನು ಮರೆಯಲಾಗದು. ಕನ್ನಡದ ‘ಅತ್ಯಂತ’ದಲ್ಲಿಯೂ ಎಚ್ಚರ ಬೇಕು. ‘ಅವಳು ಅತ್ಯಂತ ಜಾಣೆ’ ಎಂಬುದಕ್ಕೆ ‘ಬಹಳ ಜಾಣೆ’ ಎಂದೇ ಅರ್ಥವಾದರೆ ‘ವೆರಿ’ ಸಾಕು. ಎಲ್ಲರಿಗಿಂತಲೂ ಜಾಣೆಯಾದರೆ ಮಾತ್ರ ತಮಭಾವ ಸಲ್ಲುವುದು.

ಈ ಪಾಠವು ಹುಡುಗಿಯರಿಗೆ ಮಾತ್ರವೆಂದು ನಾವು ಭಾವಿಸಿಲ್ಲ. ‘ನಮ್ಮ ಮಕ್ಕಳಲ್ಲಿ ಇವಳೇ ಎಲ್ಲರಿಗಿಂತ ದಡ್ಡಿ’ ಎಂದು ಮಗಳ ಎದುರಿನಲ್ಲಿಯೇ ನುಡಿಯುವ ತಾಯಿತಂದೆಗಳನ್ನು ನಾವು ಆಗಾಗ್ಗೆ ಕಾಣುತ್ತೇವೆ. ಯಾವ ಅಳತೆಯಲ್ಲಿ? ಲೆಕ್ಕದಲ್ಲಿ ಹಿಂದುಳಿದವಳು ಹಾಡಿನಲ್ಲಿ ಮುಂದಿರಬಹುದು, ರೋಗಿಯ ಸೇವೆಯಲ್ಲಿ ಎಲ್ಲರನ್ನೂ ಮೀರಿಸಬಹುದು. ಅಳತೆಯಿಲ್ಲದ ತಮಭಾವವು ವ್ಯಾಕರಣದಲ್ಲಿ ತಪ್ಪು. ಎಳೆಯ ಮನಸ್ಸಿನಲ್ಲಿ ಅದು ಗಾಯ.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ, ಈಗ ತಾಯಂದಿರಾಗಿರುವವರಿಗೆ, ಒಂದು ಅಭ್ಯಾಸವನ್ನು ಸೂಚಿಸುತ್ತೇವೆ. ಮನೆಯ ಪ್ರತಿಯೊಂದು ಮಗುವಿನ ಹೆಸರಿನ ಮುಂದೆಯೂ ಸತ್ಯವಾದ ಒಂದು ತಮಭಾವದ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಅದು ಹೊಗಳಿಕೆಯದಾಗಿರಲಿ, ಅಳತೆಯೂ ಅದರಲ್ಲಿರಲಿ. ಬಳಿಕ ಅದನ್ನು ಆ ಮಗುವಿನಿಂದಲೇ ಓದಿಸಿರಿ.